ಏಳು ಮೈಲಿಯ ಗೇಟು

ಹೆದ್ದಾರಿ ಬದಿಯ ರೋಡ್‌ಹೌಸಿನ ಪೆಟ್ರೋಲ್ ಪಂಪಿನ ಹತ್ತಿರ ಡೆಕ್ಲನ್ ಎರಡು ಕೈಯಲ್ಲೂ ನೀರಿನ ಕ್ಯಾನು ಹಿಡಿದು ಬರುವುದನ್ನು ನೋಡಿ ರೋವೀನಾ ನಕ್ಕಳು. ಆರು ವರ್ಷದಿಂದ ಕನ್ನಡಿಯ ಮುಂದೆ ತಿದ್ದಿ ತೀಡಿ ಇಟ್ಟುಕೊಂಡಿದ್ದ ನಗು ಅದು. ತುಟಿಯ ಎಡತುದಿ ಮಾತ್ರ ಸ್ವಲ್ಪ ಮೇಲೇಳಬೇಕು, ಕಣ್ಣು ಒಂದು ಗಳಿಗೆ ಹೆಚ್ಚಿಗೆ ನಿಲ್ಲಬೇಕು, ಆಮೇಲೆ ಏನೂ ಆಗದವಳ ಹಾಗೆ ಮುಖ ಬೇರೆ ಕಡೆ ತಿರುಗಬೇಕು. ಅಷ್ಟಕ್ಕೇ ಅವನ ಕೈಯಿಂದ ಒಂದು ಕ್ಯಾನು ಜಾರಿ ಕಾಲ್ಬೆರಳ ಮೇಲೆ ಬಿತ್ತು.

ಶುರು ಚೆನ್ನಾಗಿದೆ ಅಂದುಕೊಂಡಳು.

"ಹೇಗಿದ್ದೀಯ, ರೋ?" ಅಂದ ಅವನು, ಒಂಟಿಕಾಲಿನಲ್ಲಿ ನಿಂತುಕೊಂಡೇ.

"ನಿನ್ನ ಹೆಬ್ಬೆರಳಿಗಿಂತ ಚೆನ್ನಾಗಿದ್ದೀನಿ."

ಅವನು ನಕ್ಕ. ಹಾಳಾದವನ ನಗು ಬದಲಾಗಿರಲಿಲ್ಲ. ಬಿಸಿಲಿಗೆ ಸುಲಿದ ಮೂಗು, ಕೆಂಪು ಧೂಳು ಕೂತ ರೆಪ್ಪೆ, ಹುಬ್ಬಿನ ಮೇಲಿನ ಚಿಕ್ಕ ಗಾಯದ ಗುರುತು ಎಲ್ಲವೂ ಅಲ್ಲೇ ಇದ್ದವು. ಇವನು ಸ್ವಲ್ಪ ದಪ್ಪಗಾಗಿ, ತಲೆ ಬೋಳಾಗಿ ಬಂದಿದ್ದರೆ ತನ್ನ ಕೆಲಸ ಎಷ್ಟು ಸುಲಭವಾಗುತ್ತಿತ್ತು ಅಂತ ಅವಳಿಗೆ ಸಿಟ್ಟು ಬಂತು.

ಟೆಸ್‌ಗೆ ಮೂವತ್ತು ತುಂಬಿದ ಸಂಭ್ರಮಕ್ಕೆ ಹೊರಟ ಪ್ರವಾಸ ಅದು. ಟೆಸ್, ಅವಳ ಗಂಡ ಮಿಚ್, ಮಿಚ್‌ನ ಗೆಳೆಯ ಡೆಕ್ಲನ್, ಟೆಸ್‌ನ ಗೆಳತಿ ರೋವೀನಾ. ನಾಲ್ಕು ಜನ, ಎರಡು ಗಾಡಿ, ಐದು ದಿನ. ಬಯಲಿನಲ್ಲಿ ಹಾಸಿಗೆ ಸುರುಳಿ ಬಿಚ್ಚಿ ಮಲಗುವುದು, ಬೆಳಿಗ್ಗೆ ಎದ್ದು ಮತ್ತೆ ಹೊರಡುವುದು. ದಾರಿ ಆರಿಸಿದವಳು ರೋವೀನಾ. ಉತ್ತರದ ಹೆದ್ದಾರಿ ಬಿಟ್ಟು ಸ್ಟೇಷನ್ ಅಂತ ಕರೆಯುವ ವಿಶಾಲ ದನಸಾಕಣೆ ಜಮೀನುಗಳ ನಡುವೆ ಹೋಗುವ ಹಳೇ ಮಣ್ಣುದಾರಿಯಲ್ಲೇ ಹೋಗೋಣ ಅಂತ ಅವಳು ಹಟ ಹಿಡಿದಾಗ ಟೆಸ್ ಒಂದು ಮಾತೂ ವಾದಿಸದೆ ಒಪ್ಪಿಬಿಟ್ಟಿದ್ದಳು. ಆಗಲೇ ಅನುಮಾನ ಬರಬೇಕಿತ್ತು. ಸೇಡಿನ ಅಮಲಿನಲ್ಲಿ ಇದ್ದವರಿಗೆ ಅಂಥದ್ದೆಲ್ಲ ಎಲ್ಲಿ ಹೊಳೆಯುತ್ತದೆ.

ಆ ದಾರಿಯಲ್ಲಿ ಒಂದು ಗೇಟು ಇತ್ತು. ರೋವೀನಾ ಬಂದದ್ದು ಆ ಗೇಟಿಗಾಗಿ.

ಅವಳ ಅಪ್ಪ ಕ್ಲೆಮ್ ಆ ಕಡೆಯ ಒಂದು ಸ್ಟೇಷನ್ನಿನಲ್ಲಿ ಇಪ್ಪತ್ತೆರಡು ವರ್ಷ ಮ್ಯಾನೇಜರ್ ಆಗಿದ್ದ. ಅವಳು ಹುಟ್ಟಿ ಬೆಳೆದ ಮನೆಯೂ ಆ ಕೆಲಸದ ಜೊತೆಗೇ ಬಂದದ್ದು. ಡೆಕ್ಲನ್ ಅಲ್ಲಿಗೆ ದನ ಕಾಯುವ ಕೆಲಸ ಕಲಿಯಲು ಅಡಿಲೇಡ್ ನಗರದಿಂದ ಬಂದವನು. ಎರಡು ತಿಂಗಳೊಳಗೆ ಕುದುರೆ ಹತ್ತುವುದನ್ನೂ ರೋವೀನಾಳನ್ನು ನಗಿಸುವುದನ್ನೂ ಕಲಿತಿದ್ದ. ಅಲ್ಲಿ ಜನವರಿ ಅಂದರೆ ಕಡುಬೇಸಿಗೆ. ಅಂಥ ಒಂದು ಮಧ್ಯಾಹ್ನ ಇಬ್ಬರೂ ಏಳು ಮೈಲಿ ದೂರದ ಬೋರಿನ ತೊಟ್ಟಿಗೆ ಈಜಲು ಹೋದರು. ಹೋಗುವಾಗ ಅಲ್ಲಿಯ ಗೇಟು ತೆರೆದೇ ಇತ್ತು. ಪೂರ್ವದ ಬಯಲಿನ ಹೊಂಡ ಬತ್ತಿತ್ತು, ಅಲ್ಲಿಯ ದನಗಳು ಈ ಕಡೆಯ ತೊಟ್ಟಿಗೆ ಬರಲಿ ಅಂತ ಕ್ಲೆಮ್ ಅದನ್ನು ತಂತಿ ಸುತ್ತಿ ತೆರೆದಿಟ್ಟಿದ್ದ. ವಾಪಸು ಬರುವಾಗ ಡೆಕ್ಲನ್ ಗಾಡಿಯಿಂದ ಹಾರಿ ಇಳಿದು, ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡು, ಗೇಟು ಹಾಕಿಬಿಟ್ಟ.

ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು. ಆ ಬಯಲಿನಲ್ಲಿ ನಡೆಯಲು ಕಲಿಯುವ ಮೊದಲೇ ಮಕ್ಕಳು ಕಲಿಯುವ ಪಾಠ ಇದು. ಪಟ್ಟಣದಿಂದ ಬಂದವನಿಗೆ ಗೇಟು ಅಂದರೆ ಹಾಕಬೇಕಾದ್ದು, ಅಷ್ಟೇ.

ಮೂರು ದಿನ ನಲವತ್ತೇಳು ಡಿಗ್ರಿ ಬಿಸಿಲು. ನಾಲ್ಕನೆಯ ದಿನ ಕ್ಲೆಮ್ ಹೋಗಿ ನೋಡಿದಾಗ ನಲವತ್ತೊಂದು ಹಸುಗಳು ಬೇಲಿಗೆ ಒತ್ತಿಕೊಂಡು ಸತ್ತು ಬಿದ್ದಿದ್ದವು, ತೊಟ್ಟಿಯ ಕಡೆಗೆ ಮುಖ ಮಾಡಿಕೊಂಡು. ಮಾಲೀಕರು ವಿಮಾನದಲ್ಲಿ ಬಂದು ಕೇಳಿದಾಗ, ಹುಡುಗನ ಮೇಲೆ ಬರದಿರಲಿ ಅಂತ ಕ್ಲೆಮ್, ಗೇಟು ಹಾಕಿದ್ದು ತಾನೇ ಅಂದ. ಕೆಲಸ ಹೋಯಿತು, ಮನೆಯೂ ಹೋಯಿತು. ಕ್ಲೆಮ್ ಆ ಮಾತು ಆಡುವಾಗ ಡೆಕ್ಲನ್ ವರಾಂಡದಲ್ಲೇ ನಿಂತಿದ್ದ. ಒಂದು ಸೊಲ್ಲೆತ್ತಲಿಲ್ಲ. ಮಾರನೆಯ ದಿನ ಅಂಚೆ ಲಾರಿ ಹತ್ತಿ ಹೋದವನು ರೋವೀನಾಗೆ ಒಂದು ಚೀಟಿಯನ್ನೂ ಬಿಡಲಿಲ್ಲ. ಕ್ಲೆಮ್ ಈಗ ಪೋರ್ಟ್ ಅಗಸ್ಟಾದಲ್ಲಿ ಸ್ಕೂಲ್ ಬಸ್ಸು ಓಡಿಸುತ್ತಾನೆ.

ಇಷ್ಟಿದ್ದ ಮೇಲೆ ಅವಳು ಕನ್ನಡಿಯ ಮುಂದೆ ನಗು ತಿದ್ದಿಕೊಂಡದ್ದು ತಪ್ಪೇನಲ್ಲ.

ಅವಳ ಉಪಾಯ ಸರಳವಾಗಿತ್ತು. ಗಾಡಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತವರೇ ಗೇಟು ತೆಗೆಯಬೇಕು, ಹಾಕಬೇಕು ಎನ್ನುವುದು ಅಲ್ಲಿಯ ವಾಡಿಕೆ. ಡೆಕ್ಲನ್‌ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಅದೇ ಗೇಟಿನಲ್ಲಿ ಇಳಿಸಬೇಕು. ಇಳಿದ ಮೇಲೆ ಹೊರಟುಬಿಡಬೇಕು. ಬಿಸಿಲು ಇಳಿಯುವ ತನಕ ಅವನು ಆ ಬೇಲಿಗೆ ಒರಗಿ ನಿಲ್ಲಲಿ, ನೀರಿನ ಕಡೆ ಮುಖ ಮಾಡಿಕೊಂಡು.

ಮೊದಲ ಸಂಜೆ ಒಣಗಿದ ಹೊಳೆಯ ಪಕ್ಕ ಬಿಡಾರ ಹೂಡಿದರು. ಮಿಚ್ ಬೆಂಕಿ ಹಚ್ಚಿದ. ಟೆಸ್ ಹಿಟ್ಟು ನಾದಿ ಕೆಂಡದಲ್ಲಿ ದಪ್ಪ ರೊಟ್ಟಿ ಸುಡಲು ಇಟ್ಟಳು. ಡೆಕ್ಲನ್ ತಗಡಿನ ಪಾತ್ರೆಯಲ್ಲಿ ಚಹಾ ಕಾಯಿಸಿ, ಸೊಪ್ಪು ತಳಕ್ಕಿಳಿಯಲಿ ಅಂತ ಪಾತ್ರೆಯನ್ನು ತೋಳಿನ ಉದ್ದಕ್ಕೆ ಗಿರಗಿರನೆ ತಿರುಗಿಸಿದ. ಒಂದು ಹನಿಯೂ ಚೆಲ್ಲಲಿಲ್ಲ. ಅದನ್ನು ಅವನಿಗೆ ಕಲಿಸಿದವಳು ಅವಳೇ. ಕಲಿಯುವಾಗ ಅವನು ತಲೆಯ ಮೇಲೆ ಸುರಿದುಕೊಂಡದ್ದು, ಆ ಕೂದಲಿನಿಂದ ಅವಳು ಚಹಾ ಸೊಪ್ಪು ಹೆಕ್ಕಿದ್ದು, ಬೇಡ ಬೇಡವೆಂದರೂ ನೆನಪಿಗೆ ಬಂತು.

ಅವನು ಲೋಟ ತಂದುಕೊಟ್ಟ. ಬೆರಳು ತಾಗಲಿಲ್ಲ. ತಾಗದ ಹಾಗೆ ಹುಷಾರಾಗಿ ಕೊಟ್ಟ. ಅದು ಅವಳಿಗೆ ತಾಗುವುದಕ್ಕಿಂತ ಹೆಚ್ಚು ನಾಟಿತು.

"ಎರಡು ಚಮಚ ಸಕ್ಕರೆ," ಅಂದ.

"ಈಗ ಸಕ್ಕರೆ ಬಿಟ್ಟಿದ್ದೀನಿ."

"ಮತ್ಯಾಕೆ ಕುಡೀತಿದ್ದೀಯ?"

"ಬಾಯಾರಿಕೆ. ನಿನಗೆ ಯಾವತ್ತಾದ್ರೂ ಬಾಯಾರಿದ್ದಿದೆಯಾ, ಡೆಕ್?"

ಅವನು ಬೆಂಕಿಯ ಆಚೆಯಿಂದ ಅವಳನ್ನೇ ನೋಡಿದ. ಅವಳು ಆ ನಗು ನಕ್ಕಳು, ಎಡತುದಿ ಮೇಲೆ. ಅವನು ಕಣ್ಣು ಕೆಳಗಿಳಿಸಿದ. ನಾಳೆ ನನ್ನ ಗಾಡಿಯಲ್ಲಿ ಬಾ, ಒಬ್ಬಳಿಗೇ ಗೇಟು ತೆಗೆದು ತೆಗೆದು ಸಾಕಾಗುತ್ತೆ ಅಂತ ಅವಳು ಮೆಲ್ಲಗೆ ಹೇಳಿದಾಗ ಅವನು ಬರುತ್ತೇನೆ ಅಂದ. ಆ ಒಪ್ಪಿಗೆ ಎಷ್ಟು ಬೇಗ ಬಂತೆಂದರೆ ಅವಳ ಎದೆ ಸುಮ್ಮಸುಮ್ಮನೆ ಹಾರಿತು. ಎದೆಗೆ ಬುದ್ಧಿ ಹೇಳಿ ಹಾಸಿಗೆ ಸುರುಳಿ ಬಿಚ್ಚಿದಳು.

ಬೆಳಿಗ್ಗೆ ಟೆಸ್ ಮತ್ತು ಮಿಚ್ ಒಂದು ಗಂಟೆ ಮುಂಚೆ ಹೊರಟರು. ಸಂಜೆಯ ಜಾಗ ಹುಡುಕಿ ಇಟ್ಟಿರುತ್ತೇವೆ, ರೇಡಿಯೊ ಹಾಕಿಕೊಂಡಿರಿ ಅಂತ ಹೇಳಿ ಹೋದರು. ಆ ದಾರಿಯಲ್ಲಿ ಮೊಬೈಲ್ ಹಿಡಿಯುವುದಿಲ್ಲ. ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೊ ಒಂದೇ ಗತಿ, ಅದೂ ಎಲ್ಲರಿಗೂ ಒಂದೇ ಚಾನೆಲ್.

ಮೊದಲ ಗೇಟಿನಲ್ಲಿ ಡೆಕ್ಲನ್ ಇಳಿದು ತೆಗೆದ, ಅವಳು ದಾಟಿಸಿದಳು, ಅವನು ಹಾಕಿ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಅವಳು ಹತ್ತು ಹೆಜ್ಜೆ ಗಾಡಿ ಮುಂದೆ ಬಿಟ್ಟಳು. ಅವನು ಓಡಿ ಬಂದ. ಮತ್ತೆ ಹತ್ತು ಹೆಜ್ಜೆ. ಅಲ್ಲಿಯ ಎಲ್ಲ ಅಣ್ಣತಮ್ಮಂದಿರೂ ಪ್ರೇಮಿಗಳೂ ಆಡುವ ಹಳೇ ಕೀಟಲೆ. ಮೂರನೆಯ ಸಲ ಅವನು ಏದುಸಿರು ಬಿಡುತ್ತ ಹತ್ತಿ ಕೂತು, ನಿನ್ನ ಬುದ್ಧಿ ಇನ್ನೂ ಹಾಗೇ ಇದೆ ಅಂದ. ಅವಳಿಗೂ ನಗು ಬಂತು. ಇದು ಅಭ್ಯಾಸ ಮಾಡಿದ ನಗು ಅಲ್ಲ ಅಂತ ಗೊತ್ತಾದ ಕೂಡಲೇ ಬಾಯಿ ಮುಚ್ಚಿಕೊಂಡಳು.

ಹನ್ನೊಂದರ ಹೊತ್ತಿಗೆ ಬೋರಿನ ಗಾಳಿಯಂತ್ರ ಕಂಡಿತು. ಸೆಪ್ಟೆಂಬರ್ ಕೊನೆ, ಬೇಸಿಗೆ ಇನ್ನೂ ದೂರವಿದ್ದರೂ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಅದೇ ಗೇಟು. ಅದೇ ಬಾಗಿದ ಕಂಬ. ತಂತಿ ಸುತ್ತಿ ತೆರೆದಿಟ್ಟಿದ್ದರು, ಅವತ್ತಿನ ಹಾಗೆಯೇ. ಅವಳು ದಾಟಿ ಹೋಗಿ ಗಾಡಿ ನಿಲ್ಲಿಸಿದಳು.

"ಇಳಿ," ಅಂದಳು. "ಗೇಟು ಹಾಕು."

ಅವನು ಅವಳ ಮುಖ ನೋಡಿದ, ಗೇಟು ನೋಡಿದ.

"ಇಲ್ಲ ರೋ. ತೆರೆದಿತ್ತು, ತೆರೆದೇ ಇರುತ್ತೆ."

"ಈಗ ಕಲ್ತಿದ್ದೀಯಾ?"

ತಂತಿ ಗಟ್ಟಿಯಾಗಿದೆಯಾ ನೋಡಿ ಬರುತ್ತೇನೆ ಅಂತ ಇಳಿದು ಹೋದ. ಅವಳು ಪಕ್ಕದ ಬಾಗಿಲಿನಿಂದ ಐದು ಲೀಟರಿನ ನೀರಿನ ಕ್ಯಾನನ್ನು ಕಾಲಿನಿಂದ ಒದ್ದು ಹೊರಗೆ ಉರುಳಿಸಿದಳು. ಸೇಡು ಎಷ್ಟೇ ದೊಡ್ಡದಿರಲಿ, ಆ ಬಯಲಿನಲ್ಲಿ ಹುಟ್ಟಿದವರು ನೀರಿಲ್ಲದೆ ಮನುಷ್ಯನನ್ನು ಬಿಟ್ಟು ಹೋಗುವುದಿಲ್ಲ. ಬಾಗಿಲು ಎಳೆದುಕೊಂಡು ಹೊರಟೇಬಿಟ್ಟಳು.

ಮೂರು ಕಿಲೋಮೀಟರ್ ಆಚೆ ಒಂದು ದಿಣ್ಣೆ. ಅದನ್ನು ಮೊದಲೇ ಗೊತ್ತು ಮಾಡಿಕೊಂಡಿದ್ದಳು. ಗಾಡಿ ನಿಲ್ಲಿಸಿ ದುರ್ಬೀನು ತೆಗೆದು ನೋಡಿದಳು. ಅವನು ಗಾಡಿಯ ಹಿಂದೆ ಓಡಿರಲಿಲ್ಲ, ಕೈ ಬೀಸಿರಲಿಲ್ಲ. ಗೇಟಿನ ತಂತಿಗೆ ಇನ್ನೂ ಎರಡು ಸುತ್ತು ಹಾಕಿದ. ನೀರಿನ ಕ್ಯಾನು ತಂದು ಕಂಬದ ಬುಡದಲ್ಲಿಟ್ಟ. ಮುಟ್ಟಲಿಲ್ಲ. ಬಿಸಿಲಿನಲ್ಲೇ ಕೂತ. ಅವಳು ಹಲ್ಲು ಕಚ್ಚಿದಳು. ಅವನು ಕೂಗಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಹತ್ತು ನಿಮಿಷವಾಗಿರಬೇಕು, ರೇಡಿಯೊ ಕರಕರ ಅಂದಿತು. ಅವನ ಸೊಂಟದಲ್ಲಿ ಕೈರೇಡಿಯೊ ಇದ್ದದ್ದನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ರೋ. ದಿಣ್ಣೆ ಮೇಲೆ ಗಾಜು ಮಿಂಚ್ತಾ ಇದೆ. ದುರ್ಬೀನು ಕೆಳಗಿಡು, ಕಣ್ಣು ನೋವು ಬರುತ್ತೆ."

"ಕಣ್ಣು ನಂದು."

"ಎಷ್ಟು ಹೊತ್ತು ಕೂರಬೇಕು ಹೇಳು, ಕೂರ್ತೀನಿ."

"ದನಗಳು ಮೂರು ದಿನ ನಿಂತಿದ್ವು."

ಅಷ್ಟರಲ್ಲಿ ಇನ್ನೊಂದು ದನಿ ನಡುವೆ ಬಂತು, ದಪ್ಪನೆಯದು, ಹಿಂದೆ ದೊಡ್ಡ ಎಂಜಿನ್ನಿನ ಸದ್ದು. ಎಲ್ಲೋ ಹೆದ್ದಾರಿಯಲ್ಲಿ ಮೂರು ಟ್ರೇಲರು ಎಳೆದುಕೊಂಡು ಹೋಗುತ್ತಿದ್ದ ಲಾರಿಯವನು.

"ಯಾರಪ್ಪಾ ಅದು, ಯಾರನ್ನ ಎಲ್ಲಿ ಕೂರಿಸಿದ್ದೀರಾ? ಸಹಾಯ ಬೇಕಾ, ಗುರು?"

"ಬೇಡ ಅಣ್ಣ. ನೀರಿದೆ. ಕೂರಬೇಕಾದ ಜಾಗದಲ್ಲೇ ಕೂತಿದ್ದೀನಿ."

"ಹೆಂಗಸಿನ ವಿಷಯಾನಾ?"

"ಹೌದು."

"ಹಂಗಾದ್ರೆ ನಾನು ಮಾತಾಡಲ್ಲ. ಕೇಳಿಸ್ಕೋತೀನಿ ಅಷ್ಟೆ. ಮುಂದುವರಿಸಿ."

ರೋವೀನಾಗೆ ನಾಚಿಕೆಯಾಯಿತು, ಆಮೇಲೆ ಮೊಂಡುತನ ಬಂತು. ಕೇಳಲಿ, ಊರೆಲ್ಲ ಕೇಳಲಿ. ಅವಳಿಗೆ ಬೇಕಾಗಿದ್ದದ್ದೂ ಅದೇ ತಾನೆ. ಮೈಕು ತುಟಿಯ ಹತ್ತಿರ ತಂದಳು.

"ಅವತ್ತು ವರಾಂಡದಲ್ಲಿ ನುಂಗಿದ್ಯಲ್ಲ, ಆ ಮಾತು ಈಗ ಹೇಳು. ಎಲ್ಲಾರೂ ಕೇಳೋ ಹಾಗೆ."

ಅವನು ಹೇಳಿದ. ತನ್ನ ಹೆಸರು ಹೇಳಿದ, ಸ್ಟೇಷನ್ನಿನ ಹೆಸರು ಹೇಳಿದ. ಗೇಟು ಹಾಕಿದ್ದು ತಾನು, ಕ್ಲೆಮ್ ಅಲ್ಲ ಅಂದ. ಮಾಲೀಕರು ಕೇಳಿದಾಗ ಹೆದರಿದೆ, ಕ್ಲೆಮ್ ತಲೆ ಕೊಟ್ಟಾಗ ಒಳಗೊಳಗೇ ಸಮಾಧಾನವಾಯಿತು, ಆ ಸಮಾಧಾನದ ನಾಚಿಕೆಗೆ ಅವಳ ಮುಖ ನೋಡಲಾಗದೆ ಅಂಚೆ ಲಾರಿ ಹತ್ತಿದೆ ಅಂದ.

"ನಾನು ಹೇಡಿ, ರೋ. ಬೇರೆ ಹೆಸರಿಲ್ಲ ಅದಕ್ಕೆ. ಮೂರು ವರ್ಷದ ಹಿಂದೆ ಮಾಲೀಕರಿಗೆ ಬರೆದೆ, ಉತ್ತರ ಬರಲಿಲ್ಲ. ಆಮೇಲೆ ನಿಮ್ಮಪ್ಪನ ಹತ್ರ ಹೋದೆ."

"ಸುಳ್ಳು," ಅಂದಳು ಅವಳು.

"ಬಸ್ ಡಿಪೋದಲ್ಲಿ. ಬಯ್ಯಲಿಲ್ಲ. ಊಟ ಹಾಕಿಸಿದ್ರು. ಆವಾಗಿಂದ ವರ್ಷಕ್ಕೆ ಎರಡು ಸಲ ಅವರ ಜೊತೆ ಮೀನು ಹಿಡಿಯೋಕೆ ಹೋಗ್ತೀನಿ. ನಿನಗೆ ಹೇಳಿ ಅಂತ ಬೇಡ್ಕೊಂಡೆ. ನಿನ್ನ ಮಾತು ನೀನೇ ಆಡು, ನನ್ನ ಬಾಯಿ ಬಾಡಿಗೆಗಿಲ್ಲ ಅಂದ್ರು."

ಅದು ಅಪ್ಪನದೇ ಮಾತು. ಬೇರೆ ಯಾರೂ ಹಾಗೆ ಮಾತಾಡುವುದಿಲ್ಲ. ಅವಳಿಗೆ ಈಗ ಅಪ್ಪನ ಮೇಲೂ ಸಿಟ್ಟು ಬಂತು. ಮೂರು ವರ್ಷ ಅವಳ ಮುಂದೆ ಕೂತು ಅದೇ ಮೀನು ಹುರಿದು ತಿಂದವನು, ಹಿಡಿದದ್ದು ಯಾರ ಜೊತೆ ಅಂತ ಬಾಯಿ ಬಿಟ್ಟಿರಲಿಲ್ಲ.

ರೇಡಿಯೊದಲ್ಲಿ ಈಗ ಟೆಸ್ ಬಂದಳು. "ನನ್ನ ಹುಟ್ಟುಹಬ್ಬ ಕಣ್ರೇ ಇದು, ನೆನಪಿದೆಯಾ? ನಾನು ಸಮುದ್ರಕ್ಕೆ ಹೋಗೋಣ ಅಂದಿದ್ದೆ. ಒಂದೇ ವಾರದಲ್ಲಿ ಇಬ್ರೂ ಬೇರೆ ಬೇರೆ ಫೋನ್ ಮಾಡಿ ಇದೇ ಹಾಳು ದಾರಿ ಬೇಕು ಅಂತ ಪ್ರಾಣ ತಿಂದ್ರಿ. ನೊಣ ತಿಂದ್ಕೊಂಡು ಇಲ್ಲಿ ಕೂತಿದ್ದೀನಿ. ಬೇಗ ಮುಗಿಸಿ."

ಇಬ್ಬರೂ. ಅಂದರೆ ಅವಳು ಬಲೆ ಬೀಸುವ ಮೊದಲೇ ಅವನು ಬಂದು ಬಲೆಯಲ್ಲಿ ಕೂತಿದ್ದ. ಆರು ವರ್ಷ ಜೋಪಾನ ಮಾಡಿದ ಸೇಡು ಕೈಯಲ್ಲೇ ಹಗುರವಾಗುತ್ತ ಹೋಯಿತು. ಅದರ ಅಡಿಯಲ್ಲಿ ಅವಳು ಮುಚ್ಚಿಟ್ಟುಕೊಂಡಿದ್ದ ಇನ್ನೊಂದು ಸಂಗತಿ ಮಾತ್ರ ಉಳಿಯಿತು. ಅದನ್ನು ಅವಳು ಅಪ್ಪನಿಗೂ ಹೇಳಿರಲಿಲ್ಲ.

ಅವಳು ಗಾಡಿ ತಿರುಗಿಸಿದಳು.

ಗೇಟಿನ ಹತ್ತಿರ ಬಂದು ಇಳಿದಾಗ ಅವನು ಎದ್ದು ನಿಂತ. ಕುತ್ತಿಗೆ ಕೆಂಪಾಗಿತ್ತು, ತುಟಿ ಒಣಗಿತ್ತು. ಕ್ಯಾನು ತುಂಬಿಯೇ ಇತ್ತು.

"ನೀರು ಯಾಕೆ ಕುಡೀಲಿಲ್ಲ?"

"ಕುಡಿ ಅಂತ ಹೇಳಿರಲಿಲ್ಲ ನೀನು."

"ನಾಟಕ ಸಾಕು. ಕುಡಿ."

ಅವನು ಕುಡಿದ. ಕುಡಿಯುವಾಗ ಅವನ ಗಂಟಲು ಏರಿಳಿಯುವುದನ್ನು ಅವಳು ನೋಡಿದಳು. ಕ್ಯಾನು ಕೆಳಗಿಟ್ಟ ಮೇಲೆ, ಅವನ ಮುಖ ಬಿಟ್ಟು ಗೇಟನ್ನು ನೋಡುತ್ತ ಹೇಳಿದಳು.

"ಅವತ್ತು ನಾನು ನೋಡ್ದೆ, ಡೆಕ್. ಗಾಡಿ ಕನ್ನಡಿಯಲ್ಲಿ. ನೀನು ಗೇಟು ಹಾಕ್ತಾ ಇರೋದು ಪೂರ್ತಿ ನೋಡ್ದೆ. ಹೋಗುವಾಗ ತೆರೆದಿತ್ತು ಅಂತ ನಂಗೆ ಗೊತ್ತಿತ್ತು. ಆ ಬಯಲಲ್ಲಿ ಬೆಳೆದವಳು ನಾನು. ಒಂದು ಮಾತು ಕೂಗಿದ್ರೆ ಸಾಕಿತ್ತು. ನಾನು ಗೇಟು ನೋಡ್ತಿರಲಿಲ್ಲ, ನಿನ್ನ ನೋಡ್ತಿದ್ದೆ."

ಆರು ವರ್ಷ ಅವನೊಬ್ಬನೇ ತಪ್ಪಿತಸ್ಥನಾಗಿರಬೇಕಿತ್ತು, ಇಲ್ಲದಿದ್ದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

"ಗೊತ್ತು," ಅಂದ ಅವನು.

"ಏನು ಗೊತ್ತು?"

"ನೀನು ನೋಡ್ತಿದ್ದೆ ಅಂತ. ಕನ್ನಡಿಯಲ್ಲಿ ನಿನ್ನ ಕಣ್ಣು ಕಾಣ್ತಿತ್ತು. ನೋಡ್ತಿದ್ದೀಯಲ್ಲ ಅಂತಾನೇ ಹಾರಿ ಇಳಿದದ್ದು. ಟೋಪಿ ಸರಿ ಮಾಡ್ಕೊಂಡು, ನಿಧಾನವಾಗಿ, ದೊಡ್ಡ ದನಗಾಹಿ ಹಾಗೆ ಹಾಕ್ದೆ. ನಿನ್ನ ಮೆಚ್ಚಿಸೋಕೆ ಹೊರಟಿದ್ದೆ ನಾನು."

ಅವಳಿಗೆ ಅಳು ಬಂತು. ಅಳುತ್ತಲೇ ಅವನ ಎದೆಗೆ ಎರಡು ಗುದ್ದು ಹಾಕಿದಳು, ಗಟ್ಟಿಯಾಗಿಯೇ. ಅವನು ತಡೆಯಲಿಲ್ಲ. ಮೂರನೆಯದಕ್ಕೆ ಎತ್ತಿದ ಕೈ ಅವನ ಅಂಗಿಯನ್ನು ಹಿಡಿದುಕೊಂಡು ಅಲ್ಲೇ ಉಳಿಯಿತು. ಅವನ ಮೈಯಿಂದ ಬಿಸಿಲಿನ ವಾಸನೆ ಬರುತ್ತಿತ್ತು. ಪೂರ್ವದ ಬಯಲಿನಿಂದ ಐದಾರು ಹಸುಗಳು ಬಂದು, ಇವರನ್ನು ಬಳಸಿಕೊಂಡು, ತೆರೆದ ಗೇಟಿನಿಂದ ತೊಟ್ಟಿಯ ಕಡೆಗೆ ನಡೆದು ಹೋದವು. ಕೊನೆಯ ಹಸು ದಾಟುವ ತನಕ ಇಬ್ಬರೂ ಅವುಗಳನ್ನೇ ನೋಡಿದರು.

"ಅಪ್ಪನಿಗೆ ಹೇಳಿದ್ಯಾ, ನಾನು ನೋಡಿದ್ದು?"

"ಇಲ್ಲ. ಅದು ನಿನ್ನ ಮಾತು."

ಫೋನು ಸಿಗುವ ಊರು ಗುರುವಾರ ಬರುತ್ತದೆ, ಅಲ್ಲಿಂದ ತಾನೇ ಹೇಳುತ್ತೇನೆ ಅಂದಳು. ಹೇಳಿದ ಮೇಲೆ ಮೀನಿನ ವಿಷಯಕ್ಕೆ ಅಪ್ಪನಿಗೆ ಸರಿಯಾಗಿ ಬೈಯುತ್ತೇನೆ ಅಂತಲೂ ಸೇರಿಸಿದಳು. ಅವನನ್ನು ಕ್ಷಮಿಸಿದ್ದೇನೆ ಅಂತ ಮಾತ್ರ ಅನ್ನಲಿಲ್ಲ. ಅವನೂ ಕೇಳಲಿಲ್ಲ. ಗಾಡಿಯೊಳಗೆ ರೇಡಿಯೊ ಕರಕರ ಅನ್ನುತ್ತಿತ್ತು.

"ಏನಾಯ್ತು ತಾಯಿ?" ಲಾರಿಯವನು. "ಇನ್ನು ಹತ್ತು ಕಿಲೋಮೀಟರ್ ಹೋದ್ರೆ ನಂಗೆ ಸಿಗ್ನಲ್ ಹೋಗುತ್ತೆ. ಹೇಳ್ಬಿಡಿ."

ಅವಳು ಮೂಗು ಒರೆಸಿಕೊಂಡು ಮೈಕು ತೆಗೆದಳು. "ನೀರು ಕುಡಿಸಿದ್ದೀನಿ, ಅಣ್ಣ. ಸದ್ಯಕ್ಕೆ ಅಷ್ಟೇ."

"ಸಾಕು ಬಿಡಿ. ನನ್ನ ಹೆಂಡ್ತಿ ಅಷ್ಟೂ ಮಾಡ್ತಿರಲಿಲ್ಲ."

ಹೊರಡುವ ಮುಂಚೆ ಅವಳು ತಂತಿಯ ಸುತ್ತು ಎಣಿಸಿ ನೋಡಿದಳು. ಆಮೇಲೆ ಗಾಡಿಯ ಕೀ ಅವನ ಕಡೆ ಎಸೆದು ಪಕ್ಕದ ಸೀಟಿನಲ್ಲಿ ಕೂತಳು.

ಮುಂದಿನ ಗೇಟು ಹದಿನಾಲ್ಕು ಕಿಲೋಮೀಟರ್ ಆಚೆ. ಮುಚ್ಚಿತ್ತು. ಈಗ ಇಳಿಯುವ ಸರದಿ ಅವಳದು. ತೆಗೆದಳು, ಅವನು ದಾಟಿಸಿದ. ಹಾಕಲು ತಿರುಗಿದಾಗ ಗಾಡಿಯ ಪಕ್ಕದ ಕನ್ನಡಿಯಲ್ಲಿ ಅವನ ಕಣ್ಣು ಕಂಡಿತು. ಮುಚ್ಚಿದ್ದ ಗೇಟೇ ಹೌದು ಅಂತ ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡು, ಟೋಪಿ ಸರಿಮಾಡಿಕೊಂಡು, ಅವಸರವಿಲ್ಲದೆ ಹಾಕಿ ಚಿಲಕ ಸಿಕ್ಕಿಸಿದಳು.

ತಿರುಗಿ ಬರುವಷ್ಟರಲ್ಲಿ ಗಾಡಿ ಹತ್ತು ಹೆಜ್ಜೆ ಮುಂದೆ ಹೋಯಿತು. ಅವಳು ನಡೆದಳು. ಮತ್ತೆ ಹೋಯಿತು. ಈ ಸಲ ನಿಲ್ಲಲಿಲ್ಲ. ಧೂಳೆದ್ದು ಗಾಡಿ ಕಾಣದಾಯಿತು. ಅವಳು ಓಡಲಿಲ್ಲ, ಕೂಗಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ಆ ಕೆಂಪು ಧೂಳನ್ನೇ ನೋಡುತ್ತ ನಿಂತಳು. ಎದೆ ಮಾತ್ರ ಒಂದು ಗಳಿಗೆ ಆರು ವರ್ಷದ ಹಿಂದೆ ಅಂಚೆ ಲಾರಿ ಎಬ್ಬಿಸಿದ ಧೂಳು ನೋಡುತ್ತ ನಿಂತಿದ್ದ ಹುಡುಗಿಯದಾಯಿತು.

ಆಗ ಎಂಜಿನ್ನಿನ ಸದ್ದು ಬದಲಾಯಿತು. ಧೂಳಿನೊಳಗಿಂದ ಗಾಡಿಯ ಬೆನ್ನು ಕಂಡಿತು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಷ್ಟೂ ದೂರ ರಿವರ್ಸಿನಲ್ಲೇ, ಅವಳನ್ನು ನೋಡುತ್ತ ಹಿಂದಕ್ಕೆ ಬಂದ. ಬಾಗಿಲು ಸರಿಯಾಗಿ ಅವಳ ಮುಂದೆ ಬಂದು ನಿಂತಿತು.

"ಇದಕ್ಕೆ ಬೇರೆ ಶಿಕ್ಷೆ ಇದೆ ನಿನಗೆ," ಅಂದಳು.

"ಎಷ್ಟು ದಿನದ್ದು?"

ಅವಳು ಬಾಗಿಲು ತೆಗೆದು ಹತ್ತಿ ಕೂತಳು. ಮುಂದೆ ಇನ್ನೂ ಒಂಬತ್ತು ಗೇಟು ಇದ್ದವು.